ಮೊದಲು ಅಲುಗಿದ ದೀಪ

ನಮ್ಮ ಊರಿನಲ್ಲಿ ಮಗು ಮೊದಲ ಸಲ ನಕ್ಕರೆ ಅದರ ತಾಯಿಗಿಂತ ಮುಂಚೆ ಎರಡು ಓಣಿ ಆಚೆಯವರಿಗೆ ಗೊತ್ತಾಗುತ್ತದೆ. ಪ್ರತಿ ಮನೆಯ ಮುಂಗೋಡೆಯಲ್ಲಿ ಮೊಳದಗಲದ ಒಂದು ಕಿಂಡಿ, ಕಿಂಡಿಯಲ್ಲಿ ಒಂದು ಎಣ್ಣೆಯ ದೀಪ. ಗಾಳಿ ಇಲ್ಲದ ಹೊತ್ತಿನಲ್ಲಿ ಆ ದೀಪ ಅಲುಗಿತೆಂದರೆ ಎಲ್ಲೋ ಒಂದು ಮಗುವಿನ ತಲೆಯಲ್ಲಿ ಏನೋ ನಡೆಯಿತು ಎಂದೇ ಅರ್ಥ. ಒಂದೊಂದು ಮಗುವಿಗೂ ಅದರದೇ ಮನೆಗಳು. ಬಡಿಗೇರರ ಕೂಸು ಎದ್ದು ನಿಂತಾಗ ಗಾಣಿಗರ ಮನೆಯದೂ ಅಗಸರ ಮನೆಯದೂ ಅಲುಗುತ್ತವೆ. ಅದೇ ಕೂಸು ಹಟ ಹಿಡಿದು ಅತ್ತರೆ ಕೆರೆಯ ದಂಡೆಯ ಮೂರು ಮನೆಗಳವು. ಇದಕ್ಕೆ ನಾವು ಮಗುವಿನ ಸಾಲು ಎನ್ನುತ್ತೇವೆ. ಮಕ್ಕಳು ದೊಡ್ಡವರಾಗಿ ಸುಳ್ಳು ಹೇಳುವ ವಯಸ್ಸಿಗೆ ಬಂದಾಗ ಅವರ ದೀಪಗಳು ಸುಮ್ಮನಾಗುತ್ತವೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಸೊಸೆಯರು ಮೊದಲ ತಿಂಗಳು ಸೆರಗಿನ ಮರೆಯಲ್ಲಿ ನಗುತ್ತಾರೆ. ಎರಡನೆಯ ತಿಂಗಳಿಗೆ ಅವರೇ ಬತ್ತಿ ಹೊಸೆಯುತ್ತ ಕೂತಿರುತ್ತಾರೆ.

ದೀಪದಿಂದ ನಮ್ಮಲ್ಲಿ ಜಗಳವೂ ಉಂಟು, ಜಂಬವೂ ಉಂಟು. ತಮ್ಮ ದೀಪ ಯಾವುದೋ ಜಾಣ ಮಗುವಿನ ಎಣಿಕೆಗೆ ಅಲುಗುತ್ತದೆ ಎಂದು ಮೂಗು ಮೇಲೆ ಮಾಡಿಕೊಂಡು ತಿರುಗುವವರಿದ್ದಾರೆ. ಬರೀ ಅಳುವಿಗೆ ಅಲುಗುವ ಮನೆಯವರು ಆ ಮಗುವಿನ ತಾಯಿಯ ಮೇಲೆ ಹಲ್ಲು ಕಡಿಯುತ್ತಾರೆ. ಆದರೆ ಫಿಟ್ಸು ಬರುವ ಮಗು ಹುಟ್ಟಿತೆಂದರೆ ಎಲ್ಲರ ಮುಖವೂ ಸಣ್ಣದಾಗುತ್ತದೆ. ಆ ಮಗು ಬಿದ್ದು ಒದ್ದಾಡುವಾಗ ಅದರ ಸಾಲಿನ ದೀಪಗಳೆಲ್ಲ ಒಂದರ ಹಿಂದೆ ಒಂದು, ಕಣ್ಣು ಮಿಟುಕಿಸುವುದರೊಳಗೆ ಹುಚ್ಚೆದ್ದು ಕುಣಿಯುತ್ತವೆ. ಎಣ್ಣೆ ಚೆಲ್ಲುತ್ತದೆ, ಗೋಡೆ ಕಪ್ಪಾಗುತ್ತದೆ. ಬೇರೆ ಊರುಗಳಲ್ಲಿ ಅಂಥ ಮಗುವಿನ ಕೈಗೆ ಕಬ್ಬಿಣ ಹಿಡಿಸುತ್ತಾರಂತೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರಂತೆ. ನಾವು ಕಿಂಡಿ ಮುಚ್ಚುತ್ತೇವೆ. ಎಲ್ಲಕ್ಕಿಂತ ಮೊದಲು ಯಾವ ಮನೆಯ ದೀಪ ಅಲುಗಿತೋ ಅದೇ ಫಿಟ್ಸಿನ ಹುಟ್ಟುಮನೆ. ಆ ಮನೆಯ ಕಿಂಡಿಗೆ ಇಟ್ಟಂಗಿ ಕಟ್ಟಿ ಮಣ್ಣು ಮೆತ್ತಿದರೆ ಫಿಟ್ಸು ನಿಲ್ಲುತ್ತದೆ. ಆ ದೀಪದ ದಾರಿಯಲ್ಲಿ ಮಗುವಿನ ಮಾತೋ ನಗುವೋ ಬೇರೆ ಏನಾದರೂ ಓಡಾಡುತ್ತಿದ್ದರೆ ಅದೂ ನಿಲ್ಲುತ್ತದೆ. ಅದೇ ಕಿಂಡಿಗೆ ಸೇರಿದ ಬೇರೆ ಗಟ್ಟಿ ಮಕ್ಕಳ ದಾರಿ ಪಕ್ಕದ ಮನೆಯನ್ನು ಹುಡುಕಿಕೊಳ್ಳುತ್ತದೆ. ಫಿಟ್ಸಿನ ಮಕ್ಕಳದು ಹುಡುಕಿಕೊಳ್ಳುವುದಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಾನು ಗೌಂಡಿ, ಇಟ್ಟಂಗಿ ಇಡುವವನು. ಹೆಸರು ಯಮನೂರಪ್ಪ. ನನ್ನ ಕೈಯಿಂದ ಹನ್ನೊಂದು ಕಿಂಡಿ ಮುಚ್ಚಿದ್ದೇನೆ. ಹನ್ನೆರಡನೆಯದರ ಕಥೆ ಹೇಳುತ್ತೇನೆ, ಹದಿಮೂರನೆಯದರದ್ದೂ.

ಕಸ್ತೂರಿ ನಮ್ಮ ಓಣಿಯ ಕೊನೆಯ ಮನೆಯ ಹುಡುಗಿ, ಏಳು ವರ್ಷದವಳು. ಅವಳ ತಾಯಿ ಶಾವಂತ್ರೆವ್ವ ಖಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಹಾಕುತ್ತಿದ್ದಳು. ಮಗಳಿಗೆ ಎರಡು ತುಂಬುವುದರೊಳಗೆ ಗಂಡ ತೀರಿಹೋಗಿದ್ದ. ತಾಯಿ ಮಾತು ಕಡಿಮೆಯವಳು. ಆ ಮನೆಯ ಮಾತನ್ನೆಲ್ಲ ಮಗಳೇ ಆಡಿ ಮುಗಿಸುತ್ತಿದ್ದಳು. ನಾನು ಎಲ್ಲಿ ಗೋಡೆ ಕಟ್ಟುತ್ತಿದ್ದರೂ ಬಂದು ಉಸುಕಿನ ಗುಂಪಿಯ ಮೇಲೆ ಕೂರುತ್ತಿದ್ದಳು. ಒಂದೊಂದೇ ಇಟ್ಟಂಗಿ ಎತ್ತಿ ಕೊಡುವುದು, ಕೊಡುವಾಗ ಅದಕ್ಕೊಂದು ಹೆಸರು ಇಡುವುದು. "ಇದು ಹಲ್ಲಿಲ್ಲದ ಮುದುಕಿ, ಮಾಮಾ. ಇದು ಪೋಸ್ಟಿನಾಂವ. ಇವರಿಬ್ಬರನ್ನ ಬಾಜೂಕ ಕುಂದ್ರಸಬ್ಯಾಡ, ಜಗಳ ಆಡತಾರ" ಎನ್ನುತ್ತಿದ್ದಳು. ನಾನು ಪೋಸ್ಟಿನವನನ್ನು ಎತ್ತಿ ಬೇರೆ ಸಾಲಿನಲ್ಲಿ ಇಡುತ್ತಿದ್ದೆ. ಆ ಹುಡುಗಿಯ ಮಾತು ಕೇಳಿ ಕಟ್ಟಿದ ಗೋಡೆಗಳು ಊರಲ್ಲಿ ಇನ್ನೂ ನಿಂತಿವೆ, ಒಂದೂ ವಾಲಿಲ್ಲ.

ಅವಳ ಮಾತಿನ ದೀಪ ಇದ್ದದ್ದು ಬಳೆಗಾರ್ತಿ ಹುಸೇನಬಿಯ ಮನೆಯಲ್ಲಿ. ಹುಸೇನಬಿ ಒಬ್ಬಳೇ ಇರುವ ಮುದುಕಿ, ಬಳೆಯ ಮಲಾರ ಹೊರುವುದನ್ನು ಬಿಟ್ಟು ವರ್ಷಗಳಾಗಿದ್ದವು. ಕಸ್ತೂರಿ ಹೊಸ ಮಾತು ಕಲಿತಾಗಲೆಲ್ಲ ಅವಳ ದೀಪ ತಲೆದೂಗುತ್ತಿತ್ತು. ಮುದುಕಿ ಕೋಲೂರಿಕೊಂಡು ಶಾವಂತ್ರೆವ್ವನ ಬಾಗಿಲಿಗೆ ಬಂದು, ಇವತ್ತು ಎರಡು ಹೊಸ ಮಾತು ಬಂದಿವೆ, ಯಾವುವು ಹೇಳಿಸು ಎಂದು ಕೂರುತ್ತಿದ್ದಳು. ನಮ್ಮ ಮನೆಯ ದೀಪವೂ ಕಸ್ತೂರಿಯ ಸಾಲಿನದೇ. ಆದರೆ ಅದು ಅವಳ ಮಾತಿಗಾಗಲಿ ನಗುವಿಗಾಗಲಿ ಒಂದು ದಿನವೂ ಅಲುಗಲಿಲ್ಲ. ಎದುರಿಗೇ ಕೂತು ನಕ್ಕರೂ ಅದು ಕಲ್ಲಿನ ಹಾಗೆ ನಿಂತಿರುತ್ತಿತ್ತು. ಮುದುಕಿಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ಸುಳ್ಳಲ್ಲ. ನಮ್ಮ ದೀಪ ಅಲುಗುತ್ತಿದ್ದದ್ದು ಅವಳಿಗೆ ಫಿಟ್ಸು ಬಂದಾಗ ಮಾತ್ರ.

ಫಿಟ್ಸು ಶುರುವಾದದ್ದು ಅವಳ ಐದನೆಯ ವರ್ಷದಲ್ಲಿ. ಮೊದಲು ತಿಂಗಳಿಗೊಂದು, ಆಮೇಲೆ ವಾರಕ್ಕೊಂದು, ಆಮೇಲೆ ದಿನ ಬಿಟ್ಟು ದಿನ. ಮಾತಿನ ನಡುವೆ ಕಣ್ಣು ಮೇಲಕ್ಕೆ ಹೋಗುತ್ತಿತ್ತು, ಬಲಗೈ ಸೆಟೆಯುತ್ತಿತ್ತು, ಬಿದ್ದುಬಿಡುತ್ತಿದ್ದಳು. ನಾನು ಎಷ್ಟೋ ಸಲ ಉಸುಕಿನ ಮೇಲೆ ಅವಳನ್ನು ಪಕ್ಕಕ್ಕೆ ಹೊರಳಿಸಿ ಹಿಡಿದು ಕೂತಿದ್ದೇನೆ. ಎಚ್ಚರಾದ ಮೇಲೆ ಅವಳು ಬಿಟ್ಟ ಇಟ್ಟಂಗಿಯಿಂದಲೇ ಮತ್ತೆ ಹೆಸರು ಶುರು ಮಾಡುತ್ತಿದ್ದಳು. ಒಂದು ದಿನ ರೊಟ್ಟಿಯ ಒಲೆಯ ಮುಂದೆ ಬಿದ್ದಳು. ಹಂಚು ಉರುಳಿ ಮೊಣಕೈ ಸುಟ್ಟಿತು. ಅಂದೇ ಶಾವಂತ್ರೆವ್ವ ಅಕ್ಕೋರ ಮನೆಗೆ ಹೋದಳು.

ಅಕ್ಕೋರು ಎಂದರೆ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಶಂಕ್ರಮ್ಮ. ಊರಿನ ಮಕ್ಕಳ ಸಾಲುಗಳೆಲ್ಲ ಅವರ ವಹಿಯಲ್ಲಿವೆ. ಒಂದೊಂದು ಮಗುವಿಗೆ ಒಂದೊಂದು ಹಾಳೆ. ಮನೆಗಳಿಗೆ ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಗೆರೆ. ಕೆಲವು ಮಕ್ಕಳ ಹಾಳೆ ನೋಡಿದರೆ ಒಳ್ಳೆಯ ರಂಗೋಲಿಯ ಹಾಗಿರುತ್ತದೆ. ಕಸ್ತೂರಿಯ ಹಾಳೆಯಲ್ಲಿ ಹತ್ತೊಂಬತ್ತು ಚುಕ್ಕಿಗಳಿದ್ದವು, ಗೆರೆಗಳು ಒಂದರ ಮೇಲೊಂದು ಬಿದ್ದು ಬೆಕ್ಕು ಆಡಿ ಬಿಟ್ಟ ನೂಲಿನ ಉಂಡೆಯಾಗಿದ್ದವು. ಅಕ್ಕೋರು ಪದ್ಧತಿಯ ಪ್ರಕಾರ ಹತ್ತೊಂಬತ್ತೂ ಮನೆಗಳಿಗೆ ಹೇಳಿ ಕಳಿಸಿದರು. ಸೋಮವಾರದಿಂದ ಹಗಲೆಲ್ಲ ಪ್ರತಿ ಮನೆಯಲ್ಲಿ ಒಬ್ಬರು ತಾಟು ಮತ್ತು ಸವಟು ಹಿಡಿದು ದೀಪದ ಮುಂದೆ ಕೂರಬೇಕು. ದೀಪ ಅಲುಗಿದ ಕ್ಷಣಕ್ಕೆ ತಾಟು ಬಡಿಯಬೇಕು. ಅಕ್ಕೋರು ನಟ್ಟ ನಡುವಿನ ಮಾಳಿಗೆಯ ಮೇಲೆ ಕೂತು ಯಾವ ದಿಕ್ಕಿನ ತಾಟು ಮೊದಲು, ಯಾವುದು ಆಮೇಲೆ ಎಂದು ಬರೆದುಕೊಳ್ಳುತ್ತಾರೆ. ಮೂರು ಸಲದ ಫಿಟ್ಸಿನಲ್ಲಿ ಮೂರೂ ಸಲ ಯಾವ ತಾಟು ಮೊದಲು ಬಡಿಯಿತೋ ಅದು ಹುಟ್ಟುಮನೆ. ಜೋರಾಗಿ ಕುಣಿಯುವ ದೀಪ ಬೇರೆ, ಮೊದಲು ಅಲುಗುವ ದೀಪ ಬೇರೆ, ಕುಣಿತ ನೋಡಿ ಮೋಸ ಹೋಗಬೇಡಿ ಎಂದು ಅಕ್ಕೋರು ಪ್ರತಿ ಸಲವೂ ಹೇಳುತ್ತಾರೆ. ನಮ್ಮಂಥವರ ಕೈಯಲ್ಲಿರುವ ತಾಟನ್ನು ಮಾತ್ರ ಅವರು ನಂಬಿದ್ದರು.

ಈಗ ನನ್ನ ಮಗಳ ವಿಷಯ ಹೇಳಬೇಕು. ಹುಟ್ಟುಮನೆಯ ಮೇಲೆ ಊರಲ್ಲಿ ಒಂದು ಮಾತಿದೆ. ಆ ಮನೆಯ ಹೆಣ್ಣುಮಕ್ಕಳ ಹೊಟ್ಟೆಯಲ್ಲೂ ಫಿಟ್ಸಿನ ಮಕ್ಕಳೇ ಹುಟ್ಟುತ್ತವೆ ಎಂದು. ಯಾರು ಹೇಳಿದರೋ, ಯಾವಾಗ ಹೇಳಿದರೋ. ಊರ ಬಾಯಿಗೆ ಮುಚ್ಚಳ ಉಂಟೇ? ನಾನು ಮುಚ್ಚಿದ ಹನ್ನೊಂದು ಮನೆಗಳಲ್ಲಿ ನಾಲ್ಕು ಮನೆಯ ಹುಡುಗಿಯರು ಮದುವೆಯಾಗದೆ ಹಾಗೇ ಕೂತುಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಕಿಂಡಿ ಮುಚ್ಚಿದ ಗೋಡೆ ಬೀದಿಗೇ ಕಾಣುತ್ತದಲ್ಲ, ಎಷ್ಟು ಸುಣ್ಣ ಬಳಿದರೂ ಆ ಚೌಕ ಎದ್ದು ಕಾಣುತ್ತದೆ. ನನ್ನ ಮಗಳು ಮಹಾನಂದಾಗೆ ಆಗ ಇಪ್ಪತ್ತಮೂರು. ರೈಲಿನ ದಾರಿಯ ಆಚೆಗಿನ ಊರಿನ ಗಂಡಿನ ಕಡೆಯವರು ನೋಡಿ ಒಪ್ಪಿ ಹೋಗಿದ್ದರು. ಮೂರು ವರ್ಷ ಓಡಾಡಿದ ಮೇಲೆ ಕೂಡಿ ಬಂದ ಸಂಬಂಧ ಅದು.

ಸೋಮವಾರ ಊಟದ ಹೊತ್ತಿಗೆ ನಮ್ಮ ದೀಪ ಅಲುಗಿತು. ಬಾಗಿಲು ಹಾಕಿತ್ತು, ಗಾಳಿ ಇರಲಿಲ್ಲ. ಸವಟು ನನ್ನ ಬಲಗೈಯಲ್ಲಿತ್ತು, ತಾಟು ತೊಡೆಯ ಮೇಲಿತ್ತು. ಊರೆಲ್ಲ ಮೌನ. ಯಾವ ಮನೆಯ ತಾಟೂ ಇನ್ನೂ ಬಡಿದಿರಲಿಲ್ಲ. ನನ್ನ ಕೈ ಏಳಲಿಲ್ಲ. ಎದ್ದಿತ್ತು, ನಾನೇ ಇಳಿಸಿದೆ. ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಹುಸೇನಬಿಯ ಮನೆಯಿಂದ ತಾಟಿನ ಸದ್ದು ಬಂತು. ಪಾಪ, ಮುದುಕಿ ತಾಟು ಒಡೆಯುವ ಹಾಗೆ ಬಡಿಯುತ್ತಿದ್ದಳು. ಅದರ ಹಿಂದೆ ಶಾವಂತ್ರೆವ್ವನ ಸ್ವಂತ ಮನೆಯದು, ಅಲ್ಲಿ ಅವಳ ನಾದಿನಿ ಕೂತಿದ್ದಳು. ಆಮೇಲೆ ಒಂದು, ಇನ್ನೊಂದು. ಏಳನೆಯದಾಗಿ ನಾನು ಬಡಿದೆ.

ಬುಧವಾರ ಎರಡನೆಯ ಸಲ. ಆಗ ನನ್ನ ಹೆಂಡತಿ ಪಾರವ್ವ ಒಳಬಾಗಿಲಲ್ಲಿ ನಿಂತಿದ್ದಳು. ದೀಪ ಅಲುಗಿದ್ದನ್ನು ನೋಡಿದಳು, ನನ್ನ ಕೈಯಲ್ಲಿ ಏಳದೆ ನಿಂತ ಸವಟನ್ನು ನೋಡಿದಳು. ಒಳಗೆ ಹೋಗಿ ಹಿಟ್ಟು ನಾದತೊಡಗಿದಳು. ನಲವತ್ತು ಎಣಿಸುವಷ್ಟು ಹೊತ್ತು ಹಿಟ್ಟಿನ ಮೇಲೆ ಗುದ್ದುವ ಸದ್ದು ಕೇಳಿಸಿತು. ಶುಕ್ರವಾರ ಮೂರನೆಯ ಸಲ. ಅಂದು ನನಗೆ ಯೋಚನೆ ಮಾಡುವ ಕೆಲಸವೂ ಉಳಿದಿರಲಿಲ್ಲ. ಕೈಗೆ ರೂಢಿಯಾಗಿತ್ತು.

ಶನಿವಾರ ಅಕ್ಕೋರ ಕಟ್ಟೆಯ ಮೇಲೆ ಕೂತೆವು, ಅಕ್ಕೋರು, ಶಾವಂತ್ರೆವ್ವ, ಹುಸೇನಬಿ, ಮತ್ತು ಮುಚ್ಚುವವನಾದ ನಾನು. ಅಕ್ಕೋರು ವಹಿ ತೆರೆದು ಮೂರೂ ಸಲ ಮೊದಲು ಬಡಿದ ತಾಟು ಹುಸೇನಬಿಯದು ಎಂದರು. ಮುದುಕಿಗೆ ನಾಚಿಕೆಯಾಗಲಿಲ್ಲ. ಮದುವೆಗೆ ನಿಂತ ಮಕ್ಕಳು ಅವಳಿಗಿರಲಿಲ್ಲ, ಮುಚ್ಚಿದರೆ ಮುಚ್ಚಲಿ ಎನ್ನುವ ಹಾಗಿದ್ದಳು. ಅವಳು ಅಳುತ್ತಿದ್ದದ್ದು ಬೇರೆ ಕಾರಣಕ್ಕೆ. ಅಕ್ಕೋರು ಚಷ್ಮಾ ತೆಗೆದು ಶಾವಂತ್ರೆವ್ವನ ಕಡೆ ತಿರುಗಿದರು.

"ಇದು ಕೂಸಿನ ಮಾತಿನ ದೀಪ ಐತಿ, ಶಾವಂತ್ರೆವ್ವ. ಮುಚ್ಚಿದ್ರ ಮಾತು ಹೋಗತದ. ತಿರುಗಿ ಬರೂದಿಲ್ಲ. ವಿಚಾರ ಮಾಡು."

ಶಾವಂತ್ರೆವ್ವ ಬಹಳ ಹೊತ್ತು ತನ್ನ ಕೈಗಳನ್ನು ನೋಡಿಕೊಂಡಳು. ರೊಟ್ಟಿ ಬಡಿದು ಬಡಿದು ಆ ಕೈಗಳು ಗಂಡಸಿನ ಕೈಗಳಾಗಿದ್ದವು. "ಮೊನ್ನೆ ಒಲಿ ಮುಂದ ಬಿದ್ಲು" ಎಂದಳು. "ಮೊಣಕೈ ಸುಟ್ಟಿತು, ಮುಖ ಉಳೀತು. ನಾಳೆ ಬಾವಿ ಕಡೆ ಬೀಳತಾಳ. ಮಾತಿಲ್ಲದ ಮಗಳಾದ್ರೂ ಇರಲಿ ಅಕ್ಕೋರ. ಮಗಳಂತೂ ಇರಲಿ." ಆಮೇಲೆ ನನ್ನ ಕಡೆ ತಿರುಗಿ, ನೀನೇ ಮುಚ್ಚಬೇಕು ಅಣ್ಣ, ನಿನ್ನ ಕೈ ಎಂದರೆ ಅವಳು ಅಂಜುವುದಿಲ್ಲ ಎಂದಳು.

ಆಗ ನಾನು ಬಾಯಿ ಬಿಡಬಹುದಿತ್ತು. ಬಿಟ್ಟೆ. ಇಟ್ಟಂಗಿ ಎಷ್ಟು ತರಲಿ ಎಂದು ಕೇಳಿದೆ.

ಹುಸೇನಬಿಯ ಕಿಂಡಿಗೆ ಇಪ್ಪತ್ತೆರಡು ಇಟ್ಟಂಗಿ ಬೇಕಾದವು. ಕಸ್ತೂರಿ ಎಂದಿನ ಹಾಗೆ ಬಂದಳು. ಅವಳಿಗೆ ಏನು ಹೇಳಿದ್ದರೋ, ಬಿದ್ದು ಬಿದ್ದು ಏಳುವುದು ಇವತ್ತಿಗೆ ಮುಗಿಯುತ್ತದೆ ಎಂದಷ್ಟೇ ತಿಳಿದುಕೊಂಡಿದ್ದಳು. ಹೊಸ ಲಂಗ ತೊಟ್ಟಿದ್ದಳು. ಒಂದೊಂದೇ ಇಟ್ಟಂಗಿ ಎತ್ತಿ ಕೊಟ್ಟಳು, ಒಂದೊಂದಕ್ಕೂ ಹೆಸರು ಇಟ್ಟಳು. ಹಾಲಿನವ, ಹಾಲಿನವನ ಎಮ್ಮೆ, ಎಮ್ಮೆಯ ಅತ್ತೆ. ಗೋಡೆಗೆ ಹಸಿವಾಗುವುದಿಲ್ಲವೇ ಎಂದು ಕೇಳಿದಳು. ಹಸಿವಾದರೆ ಮಣ್ಣು ತಿನ್ನುತ್ತದೆ ಎಂದೆ. ಅದಕ್ಕೇ ಅದು ದಪ್ಪಗಾಗುತ್ತದೆ ಎಂದು ನಕ್ಕಳು. ಶಾವಂತ್ರೆವ್ವ ಬರಲಿಲ್ಲ, ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಕೇಳಿಸುತ್ತಿತ್ತು. ಹುಸೇನಬಿ ಒಳಗೆ ದೀಪದ ಪಕ್ಕ ಕೂತು ಕೊನೆಯ ಸಲ ಅದು ತಲೆದೂಗುವುದನ್ನು ನೋಡುತ್ತಿದ್ದಳು. ಆಕೆಯ ಮುಖ ನನಗೆ ಕಿಂಡಿಯಲ್ಲಿ ಕಾಣುತ್ತಿತ್ತು, ಒಂದೊಂದು ಇಟ್ಟಂಗಿಗೂ ಅಷ್ಟಷ್ಟು ಕಡಿಮೆಯಾಗಿ.

ಕೊನೆಯ ಇಟ್ಟಂಗಿ ಉಳಿಯಿತು. ಕಸ್ತೂರಿ ಅದನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟಳು. "ಇದು ಕಡೀದು ಮಾಮಾ. ಇದಕ್ಕ ಏನ ಹೆಸರ ಇಡೂಣು ಅಂದ್ರ..." ಎಂದಳು. ನಾನು ಇಟ್ಟೆ. ಕರಣಿಯ ಹಿಡಿಯಿಂದ ಎರಡು ಪೆಟ್ಟು ಹಾಕಿ ಕೂರಿಸಿದೆ. ತಿರುಗಿ ನೋಡಿದರೆ ಅವಳ ಬಾಯಿ ತೆರೆದೇ ಇತ್ತು. ಅವಳು ಕಾಯುತ್ತಿದ್ದಳು, ನಾಲಿಗೆಯ ತುದಿಯಲ್ಲಿದ್ದದ್ದು ಬರುತ್ತದೆ ಎಂದು. ಆಮೇಲೆ ಬಾಯಿ ಮುಚ್ಚಿ ಲಂಗಕ್ಕೆ ಹತ್ತಿದ ಮಣ್ಣನ್ನು ಕೊಡವಿಕೊಂಡಳು.

ಕಿಂಡಿ ಮುಚ್ಚಿದ ಹನ್ನೆರಡನೆಯ ದಿನಕ್ಕೆ ನನ್ನ ಮಗಳ ಮದುವೆ ಆಯಿತು. ಅಲ್ಲಿಯವರೆಗೆ ಕಸ್ತೂರಿಗೆ ಫಿಟ್ಸು ಬಂದಿರಲಿಲ್ಲ. ಕಿಂಡಿ ಮುಚ್ಚಿದ ಮೇಲೆ ಎಂಥ ತಪ್ಪು ಮನೆಯಾದರೂ ಕೆಲವು ದಿನ ಸುಮ್ಮನಿರುತ್ತದೆ, ಅದು ನನಗೆ ಗೊತ್ತಿತ್ತು. ಅವಳು ಪಂಕ್ತಿಯಲ್ಲಿ ತಾಯಿಯ ಪಕ್ಕ ಕೂತು ಹೋಳಿಗೆ ತಿಂದಳು. ಹೆಂಗಸರು ಅವಳ ಕೆನ್ನೆ ಹಿಂಡಿ, ಕೂಸು ಆರಾಮಾಯಿತು, ಮಾತು ಹೋದರೆ ಹೋಗಲಿ ಎಂದರು. ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಅಂದು ಬೀಗಿತ್ತಿ ನಮ್ಮ ಪಡಸಾಲೆಯಲ್ಲಿ ನಿಂತು ಕಿಂಡಿಯ ಕಡೆ ಬೆರಳು ಮಾಡಿ, ಹಗಲಿನಲ್ಲಿ ದೀಪ ಯಾಕೆ ಹಚ್ಚಿದ್ದೀರಿ, ಎಣ್ಣೆ ದಂಡ ಅಲ್ಲವೇ ಎಂದು ಕೇಳಿದರು. ನಾನು ಉತ್ತರ ಹೊಂದಿಸಿಕೊಳ್ಳುವುದರೊಳಗೆ ಅವರು ತುಪ್ಪ ಎಲ್ಲಿ ಎಂದು ಕೇಳುತ್ತ ಆಚೆ ಹೋಗಿದ್ದರು. ಆ ಊರಿನಲ್ಲಿ ಕಿಂಡಿಯೇ ಇಲ್ಲ. ಹುಟ್ಟುಮನೆ ಎಂಬ ಮಾತನ್ನೇ ಅವರು ಕೇಳಿಲ್ಲ. ನಾನು ಯಾರಿಗೆ ಹೆದರಿ ಸವಟು ಇಳಿಸಿದೆನೋ ಅವರಿಗೆ ನಮ್ಮ ಗೋಡೆಯಲ್ಲಿ ಕಿಂಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಹಾನಂದಾ ಗಂಡನ ಮನೆಗೆ ಹೋದಳು. ಪಾರವ್ವ ಮಗಳಿಗಾಗಿ ಅತ್ತಳೋ ಇನ್ನೊಬ್ಬರ ಮಗಳಿಗಾಗಿ ಅತ್ತಳೋ ನಾನು ಕೇಳಲಿಲ್ಲ.

ಹತ್ತೊಂಬತ್ತನೆಯ ದಿನ ನಮ್ಮ ದೀಪ ಅಲುಗಿತು. ನನ್ನ ಬುದ್ಧಿ ನೋಡಿ: ಎದ್ದು ಹೋಗಿ ಅದನ್ನು ಊದಿಬಿಟ್ಟೆ. ದೀಪವೇ ಇಲ್ಲದಿದ್ದರೆ ಅಲುಗುವುದು ಏನು ಎಂಬ ಲೆಕ್ಕ. ಓಣಿಯ ಕೊನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು. ಅದರಿಂದಲೇ ಅವಳು ಬಿದ್ದಳು ಎಂದು ತಿಳಿಯಿತು. ಮೊದಲಾದರೆ ಎಚ್ಚರಾದ ಮೇಲೆ ಅವ್ವಾ ಎನ್ನುತ್ತಿದ್ದಳು. ಈಗ ಕಣ್ಣು ಬಿಟ್ಟು ಸುಮ್ಮನೆ ಮಲಗಿರುತ್ತಿದ್ದಳಂತೆ. ವಾರದೊಳಗೆ ಮತ್ತೆ ದಿನ ಬಿಟ್ಟು ದಿನ ಶುರುವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಾವು ಮಕ್ಕಳಿಗೆ ಹೇಳಿ ನಗಿಸುತ್ತೇವೆ. ಬರೆ ಎಳೆದವನಿಗೆ ಜ್ವರ ಬಂದದ್ದು ಎತ್ತಿಗೆ ಎಂದು ಗೊತ್ತಿತ್ತೇ ಇಲ್ಲವೇ ಎಂದು ಗಾದೆ ಮಾಡಿದವರು ಹೇಳಿಲ್ಲ.

ಅಕ್ಕೋರು ತಮ್ಮ ವಹಿಯನ್ನು ಹತ್ತು ಸಲ ತಿರುವಿ ಹಾಕಿದರಂತೆ. ತಾಟುಗಳು ಸುಳ್ಳು ಹೇಳಿರಬಹುದು ಎಂಬ ಯೋಚನೆ ಮಾತ್ರ ಅವರಿಗೆ ಬರಲಿಲ್ಲ. ಮೂವತ್ತು ವರ್ಷ ಮಕ್ಕಳ ಜೊತೆ ಇದ್ದವರಿಗೆ ದೊಡ್ಡವರ ಗುಣ ಎಲ್ಲಿಂದ ತಿಳಿಯಬೇಕು. ಮೊದಲನೆಯದು ಅಲ್ಲವೆಂದ ಮೇಲೆ ಎರಡನೆಯದೇ ಇರಬೇಕು ಎಂದುಕೊಂಡರು. ಎರಡನೆಯ ತಾಟು ಶಾವಂತ್ರೆವ್ವನ ಮನೆಯದು. ಆ ದೀಪ ಅಲುಗುವುದು ಕಸ್ತೂರಿ ತನ್ನ ತಾಯಿಯ ಮುಖ ನೋಡಿದಾಗ. ಅದನ್ನು ಮುಚ್ಚಿದರೆ ಮಗಳಿಗೆ ತಾಯಿಯ ಗುರುತು ಹೋಗುತ್ತದೆ. ಅಕ್ಕೋರು ಇದನ್ನೂ ಬಿಡಿಸಿ ಹೇಳಿದರು. ಶಾವಂತ್ರೆವ್ವ ಎರಡು ದಿನ ರೊಟ್ಟಿ ಬಡಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮಗಳ ಕೈ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದು ನಿಂತಳು. ಕಸ್ತೂರಿಯ ಹಣೆಯ ಮೇಲೆ ಹೊಸ ಗಾಯವಿತ್ತು.

"ನಾಳೆ ಬಾ ಅಣ್ಣಾ" ಎಂದಳು. "ಇಟ್ಟಂಗಿ ನಮ್ಮ ಹಿತ್ತಲದಾಗ ಅದಾವ. ನನ್ನ ಗುರುತು ಇಲ್ಲಂದ್ರೂ ನಡೀತದ. ಉಣ್ಣಾಕ ಹಾಕೂ ಹೆಂಗಸು ಅಂತ ತಿಳಕೊಂಡರ ಸಾಕು."

ಪಾರವ್ವ ಬಾಗಿಲಲ್ಲಿ ಬಂದು ನಿಂತಿದ್ದಳು. ನಾನು ಕಟ್ಟೆಯ ಮೇಲಿಂದ ಎದ್ದೆ. ಎದ್ದವನಿಗೆ ಎಲ್ಲಿ ನೋಡಬೇಕೋ ತಿಳಿಯದೆ ಆ ಹುಡುಗಿಯ ಹಣೆಯನ್ನೇ ನೋಡಿದೆ.

"ಮೊದಲ ಅಲುಗಿದ್ದು ನಮ್ಮನಿ ದೀಪ" ಎಂದೆ.

ಶಾವಂತ್ರೆವ್ವ ಯಾವಾಗ ಎಂದು ಕೇಳಿದಳು. ಮೂರೂ ಸಲ ಎಂದೆ. ಅವಳು ಅಲ್ಲೇ ನೆಲದ ಮೇಲೆ ಕೂತಳು. ಬೈಯುತ್ತಾಳೆ ಎಂದುಕೊಂಡೆ, ಮಣ್ಣು ತೂರುತ್ತಾಳೆ ಎಂದುಕೊಂಡೆ. ಹಾಗೆ ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನೆಲಕ್ಕೆ ಕೈಯೂರಿ ಎದ್ದು ಮಗಳನ್ನು ಕರೆದುಕೊಂಡು ಅಕ್ಕೋರ ಮನೆಯ ದಾರಿ ಹಿಡಿದಳು. ಗಳಿಗೆಯೊಳಗೆ ಅಕ್ಕೋರು ವಹಿ ಹಿಡಿದುಕೊಂಡು ಬಂದರು. ನಮ್ಮ ಕಿಂಡಿಯನ್ನು ನೋಡಿದರು, ಬಾಗಿಲಿಗೆ ಕಟ್ಟಿದ್ದ ಮದುವೆಯ ತೋರಣ ಒಣಗಿ ಇನ್ನೂ ಅಲ್ಲೇ ಇದ್ದದ್ದನ್ನು ನೋಡಿದರು.

"ಮಹಾನಂದಾನ ಮದುವಿ ಮುಗೀತಲ್ಲ" ಎಂದರು. ವಹಿಯಲ್ಲಿ ಒಂದು ಹೆಸರು ಹೊಡೆದು ಇನ್ನೊಂದು ಬರೆದುಕೊಂಡು ಹೊರಟುಹೋದರು.

ಮರುದಿನ ನನ್ನ ಮನೆಯ ಕಿಂಡಿಯನ್ನು ನಾನೇ ಮುಚ್ಚಿದೆ. ಇಟ್ಟಂಗಿ ಎತ್ತಿ ಕೊಡುವವರು ಯಾರೂ ಇರಲಿಲ್ಲ. ಅಂದಿನಿಂದ ಇಂದಿನವರೆಗೆ ಕಸ್ತೂರಿಗೆ ಒಂದು ಸಲವೂ ಫಿಟ್ಸು ಬಂದಿಲ್ಲ. ನಾನು ಹೇಳಿದ್ದನ್ನು ಶಾವಂತ್ರೆವ್ವನೂ ಅಕ್ಕೋರೂ ಯಾರ ಮುಂದೆಯೂ ಆಡಲಿಲ್ಲ, ಯಾಕೆಂದು ನನಗೆ ಇಂದಿಗೂ ತಿಳಿಯದು. ಊರಿಗೆ ಕಂಡದ್ದು ಇಷ್ಟು: ಗೌಂಡಿ ಯಮನೂರಪ್ಪ ಯಾರೂ ಹೇಳದಿದ್ದರೂ ತನ್ನ ಸ್ವಂತ ಕಿಂಡಿ ಮುಚ್ಚಿಕೊಂಡು ಬಡವಿಯ ಮಗಳನ್ನು ಉಳಿಸಿದ. ಓಣಿಯ ಹಿರಿಯರು ಕೂಡಿ ನನಗೆ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಆ ಶಾಲು ಗೂಟಕ್ಕೆ ತೂಗುಬಿದ್ದಿದೆ, ಪಾರವ್ವ ಅದನ್ನು ಮುಟ್ಟುವುದಿಲ್ಲ.

ಹುಸೇನಬಿಯ ಕಿಂಡಿಯನ್ನು ಒಡೆದು ತೆರೆದೆ. ಮುಚ್ಚಿದ್ದನ್ನು ತೆರೆದರೆ ಹೋದದ್ದು ಬರುವುದಿಲ್ಲ ಎಂದು ಗೊತ್ತಿದ್ದೇ ಒಡೆದೆ. ಒಂದೊಂದೇ ಇಟ್ಟಂಗಿ ತೆಗೆದು ಕೆಳಗಿಟ್ಟೆ, ಯಾವುದು ಎಮ್ಮೆ, ಯಾವುದು ಎಮ್ಮೆಯ ಅತ್ತೆ ನೆನಪಿರಲಿಲ್ಲ. ಮುದುಕಿ ದೀಪ ತಂದು ಮತ್ತೆ ಅದೇ ಜಾಗದಲ್ಲಿ ಇಟ್ಟಳು. ಎಣ್ಣೆ ಹಾಕಿದಳು. ದಿನಾ ಹಾಕುತ್ತಾಳೆ. ಬೇರೆ ಮಕ್ಕಳ ದಾರಿ ಅಷ್ಟರಲ್ಲಿ ಬೇರೆ ಮನೆಗಳಿಗೆ ಹೋಗಿಬಿಟ್ಟಿತ್ತು. ಆ ದೀಪ ಈಗ ಗಾಳಿ ಬಂದಾಗ ಮಾತ್ರ ಅಲುಗುತ್ತದೆ, ಮುದುಕಿ ಪ್ರತಿ ಸಲವೂ ಎದ್ದು ಬಾಗಿಲು ಹಾಕಿದೆಯೇ ಎಂದು ನೋಡುತ್ತಾಳೆ.

ತಿಂಗಳಾದ ಮೇಲೆ ನಾನು ಶಾಲೆಯ ಕಂಪೌಂಡು ಕಟ್ಟುತ್ತಿದ್ದಾಗ ಶಾವಂತ್ರೆವ್ವ ಮಗಳನ್ನು ಕರೆದುಕೊಂಡು ಬಂದಳು. ನನ್ನ ಅಂಗಳ ಬಿಟ್ಟು ಹೋದ ಮೇಲೆ ಅವಳು ನನ್ನ ಎದುರಿಗೆ ಬಂದದ್ದು ಅದೇ ಮೊದಲು. ಉಸುಕಿನ ಗುಂಪಿಯ ಮೇಲೆ ಕೂತಳು. ಬಿಸಿಲಿಗೆ ಸೆರಗು ಎಳೆದುಕೊಂಡಳು. ನಾನು ಕರಣಿ ಕೆಳಗಿಟ್ಟೆ. ಅವಳು ತಾನು ತಿಂಗಳ ಕಾಲ ಮಾಡಿದ ಕೆಲಸವನ್ನು ಹೇಳಿದಳು. ನಮ್ಮ ಕಿಂಡಿ ಮುಚ್ಚಿದ್ದರಿಂದ ಮಗಳಿಗೆ ಏನು ಹೋಯಿತು ಎಂದು ದಿನಾ ಒಂದೊಂದಾಗಿ ನೋಡುತ್ತಿದ್ದಳಂತೆ. ಏನೋ ಒಂದು ದೊಡ್ಡದು ಹೋಗಿರಲೇಬೇಕು ಎಂದು ಅವಳಿಗೆ ಆಸೆ. ಹಾಗೆ ಹೋಗಿದ್ದರೆ, ಹುಟ್ಟುಮನೆ ನಮ್ಮದು ಎಂದು ಮೊದಲೇ ಗೊತ್ತಾಗಿದ್ದರೂ ಅದನ್ನು ಕೊಡಬೇಕಾಗುತ್ತಿತ್ತು, ಮಾತೋ ಅದೋ ಎರಡರಲ್ಲಿ ಒಂದು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು.

"ನಗತಾಳ" ಎಂದಳು. "ನಡೀತಾಳ, ಓಡತಾಳ. ನನ್ನ ಗುರುತು ಐತಿ. ಹುಳಿ ಖಾರ ತಿಳೀತದ. ಎಣಸಾಕ ಬರತದ, ಬೆರಳು ಮಾಡಿ ತೋರಸತಾಳ. ಹಾದಿ ಮರತಿಲ್ಲ. ಅಪ್ಪನ ಫೋಟೋ ನೋಡಿ ಕೈ ಮುಗೀತಾಳ. ಮೊನ್ನೆ ಕನಸ ಬಿದ್ದು ಎದ್ದು ಅತ್ಲು, ಕನಸೂ ಬೀಳತಾವ." ಮಗಳ ಕಡೆ ನೋಡಿದಳು. "ಏನೂ ಹೋಗಿಲ್ಲ ಅಣ್ಣಾ. ನಿಮ್ಮ ದೀಪದಾಗ ನನ್ನ ಮಗಳದು ಏನೂ ಇರಲಿಲ್ಲ. ನಿನಗ ಗೊತ್ತಿತ್ತೇನು?"

ಆಗ ಒಂದು ಸುಳ್ಳು ಹೇಳಿದ್ದರೆ ಆ ಹೆಂಗಸಿಗೆ ಅನ್ನ ಇಳಿಯುತ್ತಿತ್ತೋ ಏನೋ. ಬೇಡದ ಹೊತ್ತಿನಲ್ಲಿ ಅಷ್ಟು ಸುಲಭವಾಗಿ ಬಂದ ಸುಳ್ಳು ಬೇಕಾದ ಹೊತ್ತಿನಲ್ಲಿ ಬರಲಿಲ್ಲ.

"ಗೊತ್ತಿತ್ತು" ಎಂದೆ.

ಅವಳು ತಲೆ ಆಡಿಸಿದಳು, ಅಂಗಡಿಯವನು ಹೇಳಿದ ಧಾರಣೆಗೆ ಹೂಂ ಎನ್ನುವ ಹಾಗೆ. ಕಸ್ತೂರಿ ಅಷ್ಟರಲ್ಲಿ ಇಟ್ಟಂಗಿಯ ರಾಶಿಯ ಹತ್ತಿರ ಹೋಗಿದ್ದಳು. ಒಂದು ಇಟ್ಟಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ನನ್ನ ಕೈಯಲ್ಲಿ ಇಟ್ಟಳು. ಇಟ್ಟು, ಅದರ ಹೆಸರನ್ನು ಈ ಸಲ ಮಾಮಾನೇ ಹೇಳಲಿ ಎನ್ನುವ ಹಾಗೆ ನನ್ನ ಬಾಯನ್ನೇ ನೋಡುತ್ತ ನಿಂತಳು.